ತಿಂದ ಅನ್ನ, ಮಲದ ಬಣ್ಣ

ಆರೋಗ್ಯವಂತರ ಮಲದ ಸಹಜ ಬಣ್ಣ ಕಂದು. ಈ ಕಂದು ಊಟದಿಂದ ಬರುವುದಲ್ಲ. ಬರೀ ಮೊಸರನ್ನ ಉಂಡವರ ಮಲವೂ ಬೆಳ್ಳಗಿರುವುದಿಲ್ಲ, ಪಾಲಕ್ ಉಂಡವರ ಮಲವೂ ಪೂರ್ತಿ ಹಸಿರಾಗುವುದಿಲ್ಲ. ಕಂದಿನ ಮೂಲ ಇರುವುದು ರಕ್ತದಲ್ಲಿ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ. ಸವೆದ ಕಣಗಳನ್ನು ಮುಖ್ಯವಾಗಿ ಗುಲ್ಮ ಒಡೆದುಹಾಕುತ್ತದೆ. ಕಣದೊಳಗಿನ ಹೀಮೋಗ್ಲೋಬಿನ್ ಒಡೆದಾಗ ಮೊದಲು ಬಿಲಿವರ್ಡಿನ್ ಎಂಬ ಹಸಿರು ವಸ್ತು, ಅದರಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಪೆಟ್ಟು ಬಿದ್ದ ಜಾಗ ಮೊದಲು ಕೆನ್ನೀಲಿಯಾಗಿ, ಆಮೇಲೆ ಹಸಿರಾಗಿ, ಕೊನೆಗೆ ಹಳದಿಗೆ ತಿರುಗಿ ಮಾಯುವುದು ಇದೇ ಕ್ರಮದಲ್ಲಿ.

ಬೆಳೆದ ಮನುಷ್ಯನ ದೇಹದಲ್ಲಿ ದಿನಕ್ಕೆ ಸುಮಾರು 250ರಿಂದ 300 ಮಿಲಿಗ್ರಾಂ ಬಿಲಿರುಬಿನ್ ತಯಾರಾಗುತ್ತದೆ. ಯಕೃತ್ತು ಅದನ್ನು ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ ಪಿತ್ತರಸದ ಜೊತೆ ಸಣ್ಣ ಕರುಳಿಗೆ ಸುರಿಯುತ್ತದೆ. ಅಲ್ಲಿಂದ ಮುಂದಿನ ಕೆಲಸ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳದ್ದು. ಅವು ಬಿಲಿರುಬಿನ್ನನ್ನು ಯುರೋಬಿಲಿನೋಜನ್ ಎಂಬ ಬಣ್ಣವಿಲ್ಲದ ವಸ್ತುವಾಗಿ ಬದಲಿಸುತ್ತವೆ. ಅದರಿಂದ ಮುಂದೆ ಸ್ಟರ್ಕೋಬಿಲಿನ್ ಎಂಬ ಕಂದು ವರ್ಣದ್ರವ್ಯ ಆಗುತ್ತದೆ. ಈ ಬದಲಾವಣೆ ಬ್ಯಾಕ್ಟೀರಿಯಾಗಳ ಕೆಲಸ ಎಂಬುದು ಬಹಳ ಕಾಲದಿಂದ ತಿಳಿದಿದ್ದರೂ ಅದನ್ನು ಮಾಡುವ ಕಿಣ್ವ ಯಾವುದೆಂದು ಗೊತ್ತಾಗಿದ್ದು 2024ರಲ್ಲಿ. ಅಮೆರಿಕದ ಸಂಶೋಧಕರು ಅದಕ್ಕೆ ಬಿಲ್‌ಆರ್ ಎಂದು ಹೆಸರಿಟ್ಟರು.

ಹೀಗಾಗಿ ಮಲದ ಬಣ್ಣವನ್ನು ನಿರ್ಧರಿಸುವ ಸಂಗತಿಗಳು ಮೂರು. ಪಿತ್ತರಸ ಕರುಳಿಗೆ ಬಂತೇ ಎಂಬುದು ಮೊದಲನೆಯದು. ಬಂದ ಪಿತ್ತರಸ ಕಂದಾಗುವಷ್ಟು ಹೊತ್ತು ಕರುಳಿನಲ್ಲಿ ಉಳಿಯಿತೇ ಎಂಬುದು ಎರಡನೆಯದು. ಆ ಕಂದಿನ ಮೇಲೆ ಊಟ, ಔಷಧ ಅಥವಾ ರಕ್ತ ಬೇರೆ ಬಣ್ಣ ಬಳಿಯಿತೇ ಎಂಬುದು ಮೂರನೆಯದು. ಊಟದ ಪಾತ್ರ ಎರಡನೆಯದರಲ್ಲೂ ಮೂರನೆಯದರಲ್ಲೂ ದೊಡ್ಡದು.

ಕರುಳಿನ ದಾರಿ ಹಿಡಿಯುವ ಹೊತ್ತು

ಉಂಡದ್ದು ಹೊಟ್ಟೆಯಲ್ಲಿ ಕೆಲವು ಗಂಟೆ, ಸಣ್ಣ ಕರುಳಿನಲ್ಲಿ ಇನ್ನು ಕೆಲವು ಗಂಟೆ ಇರುತ್ತದೆ. ಹೆಚ್ಚು ಸಮಯ ಹಿಡಿಯುವುದು ದೊಡ್ಡ ಕರುಳು. ಬಾಯಿಗೆ ಇಟ್ಟ ತುತ್ತಿನ ಶೇಷ ಹೊರಬೀಳುವ ಹೊತ್ತಿಗೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಕಳೆದಿರುತ್ತದೆ. ಆದ್ದರಿಂದ ಇವತ್ತಿನ ಮಲದ ಬಣ್ಣಕ್ಕೆ ಕಾರಣ ಹುಡುಕುವಾಗ ನೆನಪಿಸಿಕೊಳ್ಳಬೇಕಾದದ್ದು ನಿನ್ನೆ ಮೊನ್ನೆಯ ಊಟವನ್ನು.

ಭೇದಿಯಾದಾಗ ಈ ಪಯಣ ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ಹಸಿರು-ಹಳದಿ ಪಿತ್ತರಸ ಕಂದಾಗಲು ಸಮಯ ಸಿಗುವುದಿಲ್ಲ. ಭೇದಿಯ ಮಲ ಹಸಿರಾಗಿ ಕಾಣುವುದು ಬಹುತೇಕ ಇದೇ ಕಾರಣಕ್ಕೆ. ಮಲಬದ್ಧತೆಯಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ದೊಡ್ಡ ಕರುಳು ನೀರನ್ನು ಹೀರುತ್ತಲೇ ಇರುವುದರಿಂದ ಮಲ ಗಟ್ಟಿಯಾಗಿ, ಉಂಡೆಯುಂಡೆಯಾಗಿ, ಗಾಢ ಕಂದಾಗುತ್ತದೆ. ಸಹಜ ಮಲದಲ್ಲಿ ಮುಕ್ಕಾಲು ಪಾಲು ನೀರೇ. ಉಳಿದ ಒಣಭಾಗದಲ್ಲಿ ದೊಡ್ಡ ಪಾಲು ಸತ್ತ ಮತ್ತು ಬದುಕಿರುವ ಬ್ಯಾಕ್ಟೀರಿಯಾ. ಜೀರ್ಣವಾಗದ ನಾರು, ಸ್ವಲ್ಪ ಕೊಬ್ಬು, ಕರುಳಿನ ಒಳಪದರದಿಂದ ಉದುರಿದ ಜೀವಕೋಶಗಳು ಮಿಕ್ಕಿದ್ದನ್ನು ತುಂಬುತ್ತವೆ.

ಮಲದ ರೂಪದಿಂದಲೇ ಕರುಳಿನ ವೇಗವನ್ನು ಅಂದಾಜಿಸಲು ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯರು 1997ರಲ್ಲಿ ಏಳು ಹಂತಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ಮೊದಲನೆಯದು ಆಡಿನ ಹಿಕ್ಕೆಯಂತೆ ಬಿಡಿಬಿಡಿಯಾದ ಗಟ್ಟಿ ಮಲ, ಏಳನೆಯದು ಬರೀ ನೀರು. ಮೂರು ಮತ್ತು ನಾಲ್ಕನೆಯವು ಸಹಜ. ವೈದ್ಯರು ಬಣ್ಣದ ಜೊತೆಗೆ ರೂಪವನ್ನೂ ವಿಚಾರಿಸುವುದು ಇದಕ್ಕಾಗಿ.

ಬಯಲುಸೀಮೆಯ ತಟ್ಟೆ

ಊಟ ಈ ವೇಗವನ್ನೂ ಬಣ್ಣವನ್ನೂ ಹೇಗೆ ಬದಲಿಸುತ್ತದೆ ಎಂಬುದಕ್ಕೆ ಬಯಲುಸೀಮೆಯ ಊಟವನ್ನೇ ಉದಾಹರಣೆಯಾಗಿ ನೋಡಬಹುದು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳು ಕರ್ನಾಟಕದ ತೀರಾ ಒಣ ಪ್ರದೇಶಗಳ ಸಾಲಿಗೆ ಸೇರುತ್ತವೆ. ವರ್ಷದ ಮಳೆ 500 ಮಿಲಿಮೀಟರ್ ಆಸುಪಾಸು. ಇಷ್ಟರಲ್ಲೇ ಕೈಗೆ ಹತ್ತುವ ಬೆಳೆಗಳೆಂದರೆ ಶೇಂಗಾ, ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಹುರುಳಿ, ತೊಗರಿ. ಕೊಳವೆಬಾವಿ ಇದ್ದ ಕಡೆ ಈರುಳ್ಳಿ, ದಾಳಿಂಬೆ, ರೇಷ್ಮೆಗೆಂದು ಹಿಪ್ಪುನೇರಳೆ. ಶೇಂಗಾ ಎಣ್ಣೆಯ ಗಿರಣಿಗಳಿಂದಾಗಿ ಚಳ್ಳಕೆರೆಗೆ ಎಣ್ಣೆ ನಗರ ಎಂಬ ಹೆಸರೇ ಬಂದಿದೆ. ಕುರಿ ಸಾಕಣೆಯೂ ಇಲ್ಲಿ ಹಳೆಯದು. ತಟ್ಟೆಗೆ ಬರುವುದೂ ಇವೇ: ರಾಗಿ ಮುದ್ದೆ, ಜೋಳದ ರೊಟ್ಟಿ, ಬೆರಕೆ ಸೊಪ್ಪಿನ ಸಾರು, ಹುರುಳಿ ಕಟ್ಟಿನ ಸಾರು, ಶೇಂಗಾ ಚಟ್ನಿ, ಮಜ್ಜಿಗೆ, ಹಬ್ಬ ಜಾತ್ರೆಗೆ ಕುರಿಮಾಂಸ.

ಈ ಊಟದ ದೊಡ್ಡ ಗುಣ ನಾರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದು 3 ಗ್ರಾಂಗೂ ಕಡಿಮೆ. ನಾರಿನ ಒಂದು ಪಾಲು ನೀರನ್ನು ಹಿಡಿದಿಟ್ಟುಕೊಂಡು ಮಲಕ್ಕೆ ಮೆದುತನ ಕೊಡುತ್ತದೆ. ಇನ್ನೊಂದು ಪಾಲನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ಬ್ಯುಟಿರೇಟ್‌ನಂಥ ಸಣ್ಣ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ.

ನಾರಿನ ಪ್ರಭಾವ ಎಷ್ಟೆಂಬುದನ್ನು ಐರ್ಲೆಂಡ್ ಮೂಲದ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಮತ್ತು ಸಂಗಡಿಗರು 1972ರಲ್ಲಿ ಅಳೆದು ತೋರಿಸಿದರು. ನಾರು ಹೆಚ್ಚಿರುವ ಊಟ ಉಣ್ಣುತ್ತಿದ್ದ ಉಗಾಂಡದ ಹಳ್ಳಿಗರ ಮಲ ದಿನಕ್ಕೆ ಸರಾಸರಿ 470 ಗ್ರಾಂ ಇತ್ತು, ಉಂಡದ್ದು ಹೊರಬೀಳಲು ಹಿಡಿದದ್ದು ಸುಮಾರು 36 ಗಂಟೆ. ಬಿಳಿ ಬ್ರೆಡ್ಡು, ಸಕ್ಕರೆ, ಮಾಂಸ ತಿನ್ನುತ್ತಿದ್ದ ಬ್ರಿಟಿಷ್ ನೌಕಾಪಡೆಯವರಲ್ಲಿ ಮಲ 104 ಗ್ರಾಂ, ಹಿಡಿದ ಕಾಲ 83 ಗಂಟೆ. ಮುದ್ದೆ, ರೊಟ್ಟಿ ಬಿಟ್ಟು ಪೂರ್ತಿ ಪಡಿತರದ ಅಕ್ಕಿಗೆ ತಿರುಗಿದ ಮನೆಯಲ್ಲಿ ಮಲಬದ್ಧತೆ ಹೆಚ್ಚಾದರೆ ಕಾರಣವನ್ನು ಇಲ್ಲೇ ಹುಡುಕಬಹುದು.

ಹುರುಳಿಯ ವಿಚಾರ ಸ್ವಲ್ಪ ಬೇರೆ. ಅದರಲ್ಲಿ ರ್‍ಯಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ಅವುಗಳನ್ನು ಒಡೆಯುವ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿ ಇಲ್ಲ. ಒಡೆಯದೆ ದೊಡ್ಡ ಕರುಳು ತಲುಪಿದ ಈ ಸಕ್ಕರೆಗಳನ್ನು ಬ್ಯಾಕ್ಟೀರಿಯಾಗಳು ಹುದುಗಿಸಿದಾಗ ವಾಯು ಹುಟ್ಟುತ್ತದೆ. ಹುರುಳಿಯನ್ನು ರಾತ್ರಿಯಿಡೀ ನೆನೆಹಾಕಿ ನೀರು ಚೆಲ್ಲಿದರೆ ಒಂದಷ್ಟು ಸಕ್ಕರೆ ಹೊರಟುಹೋಗುತ್ತದೆ. ಮೊಳಕೆ ಬಂದರೆ ಮೊಳಕೆಯೇ ಅದನ್ನು ಬಳಸಿಕೊಳ್ಳುತ್ತದೆ. ಮೊಳಕೆ ಹುರುಳಿ ಸಾರು ಹೊಟ್ಟೆಗೆ ಹಗುರ ಎನ್ನುವ ಅಡುಗೆಮನೆಯ ಅನುಭವದ ಹಿಂದಿರುವುದು ಈ ರಸಾಯನ. ವಾಯು ಸೇರಿದ ಮಲ ನೀರಿನ ಮೇಲೆ ತೇಲುವುದೂ ಉಂಟು. ತೇಲುವುದಕ್ಕೆ ಕೊಬ್ಬೇ ಕಾರಣ ಎಂದು ಹಿಂದೆ ನಂಬಲಾಗಿತ್ತು. ಹೆಚ್ಚಿನ ಸಂದರ್ಭಗಳಲ್ಲಿ ಕಾರಣ ವಾಯುವೇ ಎಂದು 1972ರಲ್ಲಿ ಅಮೆರಿಕದ ವೈದ್ಯರು ಪ್ರಯೋಗದಿಂದ ತೋರಿಸಿದರು.

ಕಪ್ಪು ಮತ್ತು ಗಾಢ ಕಂದು

ರಾಗಿಯ ಸಿಪ್ಪೆಯಲ್ಲಿ ಕೆಂಗಂದು ಬಣ್ಣದ ಪಾಲಿಫಿನಾಲ್‌ಗಳಿವೆ. ಕಾಳು ತೀರಾ ಸಣ್ಣದಾದ್ದರಿಂದ ಸಿಪ್ಪೆಸಹಿತ ಬೀಸುವುದೇ ರೂಢಿ. ಸಿಪ್ಪೆಯ ಬಹುಪಾಲು ಜೀರ್ಣವಾಗದೆ ಹೊರಬೀಳುವುದರಿಂದ ಎರಡು ಹೊತ್ತು ಮುದ್ದೆ ಉಣ್ಣುವವರ ಮಲ ಅನ್ನ ಉಣ್ಣುವವರದ್ದಕ್ಕಿಂತ ಗಾಢವಾಗಿರುತ್ತದೆ. ಎದೆಹಾಲು ಮಾತ್ರ ಕುಡಿಯುವ ಮಗುವಿನ ಮಲ ಸಾಸಿವೆ ಬಣ್ಣದ ಹಳದಿ. ಆರು ತಿಂಗಳ ನಂತರ ರಾಗಿ ಸರಿ ತಿನ್ನಿಸಲು ಶುರು ಮಾಡಿದ ಮೇಲೆ ಅದು ಕಂದಿಗೆ, ಕಡುಗಂದಿಗೆ ತಿರುಗುತ್ತದೆ. ಇದರಲ್ಲಿ ಗಾಬರಿಪಡುವುದೇನಿಲ್ಲ. ಹುಟ್ಟಿದ ಮೊದಲ ಎರಡು ಮೂರು ದಿನ ಕೂಸು ಹಾಕುವ ಕಪ್ಪುಹಸಿರು, ಅಂಟಂಟಾದ ಮಲವೂ ಸಹಜವೇ.

ನೇರಳೆ ಹಣ್ಣಿನ ಕಾಲದಲ್ಲಿ ಮಲ ಕಪ್ಪುನೇರಳೆಗೆ ತಿರುಗುವುದು ಆಂಥೋಸಯನಿನ್ ಎಂಬ ವರ್ಣದ್ರವ್ಯದಿಂದ. ರೇಷ್ಮೆ ಹುಳುವಿಗೆ ಸೊಪ್ಪು ಕೊಡುವ ಹಿಪ್ಪುನೇರಳೆಯ ಹಣ್ಣಿನಲ್ಲೂ ಇದೇ ವರ್ಣದ್ರವ್ಯವಿದೆ. ತೋಟದ ಬದುವಿನಲ್ಲಿ ಮಕ್ಕಳು ಬಾಯಿ ತುಂಬ ತಿಂದ ಮರುದಿನ ಅದರ ಗುರುತು ಕಾಣಬಹುದು. ಆಂಥೋಸಯನಿನ್ ಹುಳಿಯಲ್ಲಿ ಕೆಂಪಾಗಿಯೂ ಕ್ಷಾರದಲ್ಲಿ ನೀಲಿ ಹಸಿರಾಗಿಯೂ ತೋರುವುದರಿಂದ ಒಂದೇ ಹಣ್ಣು ನಾಲಿಗೆಯ ಮೇಲೆ ಒಂದು ಬಣ್ಣ, ಮಲದಲ್ಲಿ ಇನ್ನೊಂದು ಬಣ್ಣ ಬಿಡುತ್ತದೆ.

ಜಾತ್ರೆ, ದೇವರ ಕಾರ್ಯದ ಊಟದಲ್ಲಿ ಕುರಿಯ ನೆತ್ತರನ್ನು ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಹುರಿದ ಪಲ್ಯ ಇರುತ್ತದೆ. ನೆತ್ತರಿನ ಹೀಮೋಗ್ಲೋಬಿನ್ ಹೊಟ್ಟೆಯ ಆಮ್ಲಕ್ಕೆ ಸಿಕ್ಕು ಕಪ್ಪಾಗುತ್ತದೆ. ಮರುದಿನದ ಮಲ ಕಪ್ಪಾಗಿರುವುದು ಅದರಿಂದಲೇ. ಕರುಳಿನ ದೃಷ್ಟಿಯಲ್ಲಿ ತಿಂದ ನೆತ್ತರಿಗೂ ಹುಣ್ಣಿನಿಂದ ಸುರಿದ ನೆತ್ತರಿಗೂ ರಸಾಯನದ ವ್ಯತ್ಯಾಸ ಹೆಚ್ಚಿಲ್ಲ. ಅದಕ್ಕಾಗಿಯೇ ಮಲದಲ್ಲಿ ಅಡಗಿದ ರಕ್ತವನ್ನು ಹುಡುಕುವ ಹಳೆಯ ಗ್ವಾಯಕ್ ಪರೀಕ್ಷೆಗೆ ಮೂರು ದಿನ ಮೊದಲಿನಿಂದ ಮಾಂಸ, ಹಸಿ ಮೂಲಂಗಿ ಬಿಡುವಂತೆ ಹೇಳುವುದು. ಮನುಷ್ಯನ ರಕ್ತವನ್ನಷ್ಟೇ ಗುರುತಿಸುವ ಹೊಸ ಪರೀಕ್ಷೆಗಳಿಗೆ ಈ ಪಥ್ಯ ಬೇಕಿಲ್ಲ.

ಹಳ್ಳಿಗಳಲ್ಲಿ ಕಪ್ಪು ಮಲಕ್ಕೆ ಇನ್ನೊಂದು ಸಾಮಾನ್ಯ ಕಾರಣ ಕಬ್ಬಿಣದ ಮಾತ್ರೆ. 2018ರಲ್ಲಿ ಶುರುವಾದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಗರ್ಭಿಣಿಯರಿಗೆ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುವ ಕೆಂಪು ಮಾತ್ರೆಯನ್ನು ದಿನಕ್ಕೊಂದರಂತೆ 180 ದಿನ ಕೊಡುತ್ತಾರೆ. ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆ, ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ವಾರಕ್ಕೊಂದು ಗುಲಾಬಿ ಮಾತ್ರೆ. ಮಾತ್ರೆಯ ಕಬ್ಬಿಣದಲ್ಲಿ ರಕ್ತಕ್ಕೆ ಸೇರುವುದು ಸಣ್ಣ ಪಾಲು. ಉಳಿದದ್ದು ದೊಡ್ಡ ಕರುಳಿನ ಗಂಧಕದೊಂದಿಗೆ ಸೇರಿ ಕಪ್ಪಾಗುತ್ತದೆ. ಮಲ ಕಪ್ಪಗಾಯಿತು, ಹೊಟ್ಟೆ ಕಟ್ಟಿತು ಎಂದು ಮಾತ್ರೆಯನ್ನು ಅರ್ಧಕ್ಕೆ ಬಿಡುವವರಿದ್ದಾರೆ. ಆ ಕಪ್ಪು ಮಾತ್ರೆ ಹೊಟ್ಟೆ ಸೇರಿದ್ದರ ಗುರುತು, ಕೆಡುಕಿನದಲ್ಲ. ಹಾಲು, ಟೀ, ರಾಗಿ ಅಂಬಲಿಯ ಜೊತೆಗೆ ನುಂಗಿದರೆ ಕ್ಯಾಲ್ಸಿಯಂ, ಟ್ಯಾನಿನ್, ಫೈಟೇಟ್‌ಗಳು ಕಬ್ಬಿಣವನ್ನು ಹಿಡಿದುಕೊಂಡು ಅದು ರಕ್ತಕ್ಕೆ ಸೇರುವುದನ್ನು ತಡೆಯುತ್ತವೆ. ನಿಂಬೆ ಪಾನಕ ಅಥವಾ ನೆಲ್ಲಿಕಾಯಿಯ ಜೊತೆಗಾದರೆ ಸೇರುವ ಪಾಲು ಹೆಚ್ಚುತ್ತದೆ. ಕ್ಯಾಲ್ಸಿಯಂ ಮಾತ್ರೆಗೂ ಕಬ್ಬಿಣದ ಮಾತ್ರೆಗೂ ನಡುವೆ ಎರಡು ಗಂಟೆಯಾದರೂ ಬಿಡುವಿರಬೇಕು.

ಕೆಂಪು, ಹಸಿರು, ಹಳದಿ

ಬೀಟ್‌ರೂಟ್, ಕೆಂಪು ದಂಟು, ಪಾಪಾಸುಕಳ್ಳಿ ಹಣ್ಣು, ಕೆಂಪು ತಿರುಳಿನ ಡ್ರ್ಯಾಗನ್ ಹಣ್ಣು ಈ ನಾಲ್ಕರ ಬಣ್ಣವೂ ಬೀಟಲೈನ್ ಎಂಬ ಒಂದೇ ಕುಲದ ವರ್ಣದ್ರವ್ಯದ್ದು. ಹೊಟ್ಟೆಯ ಆಮ್ಲ, ಕರುಳಿನ ಚಲನೆ ಇವುಗಳ ಮೇಲೆ ಬೀಟಲೈನ್ ಎಷ್ಟು ಉಳಿಯುತ್ತದೆ ಎಂಬುದು ನಿಂತಿದೆ. ಹಾಗಾಗಿ ಒಂದೇ ಪಲ್ಯ ಉಂಡ ಮನೆಮಂದಿಯಲ್ಲಿ ಒಬ್ಬರಿಗೆ ಮಾತ್ರ ಮಲ ಕೆಂಪಾಗಬಹುದು. ಬೀಟ್‌ರೂಟ್ ತಿಂದ ನೂರು ಮಂದಿಯಲ್ಲಿ ಸುಮಾರು 10ರಿಂದ 14 ಮಂದಿಗೆ ಮೂತ್ರವೂ ಕೆಂಪಾಗುತ್ತದೆ. ಪಾಪಾಸುಕಳ್ಳಿಯ ಬಗ್ಗೆ ಇನ್ನೊಂದು ಎಚ್ಚರಿಕೆ ಬೇಕು. ಕುರಿ ಕಾಯುವವರೂ ಮಕ್ಕಳೂ ಮುಳ್ಳು ಉಜ್ಜಿ ತಿನ್ನುವ ಈ ಹಣ್ಣಿನ ತುಂಬ ಗಟ್ಟಿ ಬೀಜಗಳು. ನೀರಡಿಕೆಯಲ್ಲಿ ಹೆಚ್ಚು ತಿಂದರೆ ಬೀಜಗಳು ಗುದದ್ವಾರದ ಬಳಿ ಗಡ್ಡೆಕಟ್ಟಿ ಮಲ ಹೊರಬಾರದಂತಾಗುತ್ತದೆ. ಕೈಯಿಂದ ತೆಗೆಯಬೇಕಾದ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಕೆಂಪು ಮೆಣಸಿನಕಾಯಿ ಮತ್ತು ಟೊಮೆಟೊದ ಸಿಪ್ಪೆ ಜೀರ್ಣವಾಗುವುದಿಲ್ಲ. ಅವು ಮಲದಲ್ಲಿ ಕೆಂಪು ಚೂರುಗಳಾಗಿ ಕಾಣಿಸಿಕೊಂಡು ರಕ್ತವೆಂಬ ಭ್ರಮೆ ಹುಟ್ಟಿಸುತ್ತವೆ. ಚೂರಿಗೆ ಅಂಚು, ಆಕಾರ ಇರುತ್ತದೆ. ರಕ್ತ ಹರಡುತ್ತದೆ, ಲೇಪವಾಗುತ್ತದೆ, ನೀರಿನಲ್ಲಿ ಕದಡುತ್ತದೆ. ಖಾರ ತಿಂದ ಮರುದಿನದ ಉರಿಗೂ ಕಾರಣ ಮೆಣಸಿನಕಾಯಿಯೇ. ಬಿಸಿಯನ್ನು ಅರಿಯುವ ನರತುದಿಗಳನ್ನೇ ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಕೆಣಕುತ್ತದೆ. ಅಂಥ ನರತುದಿಗಳು ಬಾಯಿಯಲ್ಲಿರುವಂತೆ ಗುದದ್ವಾರದಲ್ಲೂ ಇವೆ.

ಮಳೆ ಬಿದ್ದ ವಾರದಲ್ಲಿ ಹೊಲದ ತುಂಬ ಏಳುವ ಅಣ್ಣೆ, ಹೊನಗೊನ್ನೆಗಳ ಬೆರಕೆ ಸೊಪ್ಪು, ವರ್ಷವಿಡೀ ಸಿಗುವ ನುಗ್ಗೆಸೊಪ್ಪು ಹೆಚ್ಚು ಉಂಡಾಗ ಪತ್ರಹರಿತ್ತಿನ ಉಳಿಕೆ ಮಲಕ್ಕೆ ಹಸಿರು ಛಾಯೆ ಕೊಡುತ್ತದೆ. ಹುಣಸೆಹುಳಿ ಹಾಕಿ ಬೇಯಿಸಿದಾಗ ಪತ್ರಹರಿತ್ತು ತನ್ನೊಳಗಿನ ಮೆಗ್ನೀಸಿಯಂ ಕಳೆದುಕೊಂಡು ಮಾಸಲು ಕಂದುಹಸಿರಾಗುತ್ತದೆ. ಕ್ಯಾರೆಟ್, ಪಪ್ಪಾಯಿ, ಮಾವು, ಸಿಹಿಗುಂಬಳಗಳ ಕೆರೋಟಿನ್ ಮತ್ತು ಅರಿಸಿನ ಮಲವನ್ನು ಹಳದಿ ಕಿತ್ತಳೆಯ ಕಡೆಗೆ ಒಯ್ಯುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮಾತ್ರೆ ಮೂತ್ರ, ಬೆವರು, ಮಲ ಎಲ್ಲಕ್ಕೂ ಕಿತ್ತಳೆ ಬಣ್ಣ ತರುತ್ತದೆ. ಅದಕ್ಕೆ ಹೆದರಿ ಮಾತ್ರೆ ನಿಲ್ಲಿಸಬಾರದು.

ನಾಯಕನಹಟ್ಟಿ, ಗೌರಸಮುದ್ರದಂಥ ದೊಡ್ಡ ಜಾತ್ರೆಗಳ ಅಂಗಡಿಸಾಲಿನಲ್ಲಿ ಕೃತಕ ಬಣ್ಣದ ತಿನಿಸುಗಳೂ ಸಿಗುತ್ತವೆ. ನೀಲಿ, ಹಸಿರು ಬಣ್ಣ ಸೇರಿಸಿದ ಸಿಹಿ ಹೆಚ್ಚು ತಿಂದರೆ ಮಲದಲ್ಲಿ ಕಡುಹಸಿರು ಕಾಣಬಹುದು. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಬಳಸುವುದನ್ನೂ ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಬಳಸುವುದನ್ನೂ ನಿಷೇಧಿಸಿತು. ಅದೇ ವರ್ಷ ಜೂನ್‌ನಲ್ಲಿ ಕಬಾಬ್‌ಗೂ ಕೃತಕ ಬಣ್ಣದ ನಿಷೇಧ ಬಂತು. ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ, ತಿನ್ನಲು ಅನುಮತಿ ಇರುವ ಬಣ್ಣವಲ್ಲ.

ಶೇಂಗಾ ಕಾಳಿನೊಳಗೆ

ಸುಗ್ಗಿಯಲ್ಲಿ ಹಸಿ ಶೇಂಗಾವನ್ನು ಹೊಲದಲ್ಲೇ ಬಿಡಿಸಿ ತಿನ್ನುತ್ತಾರೆ. ಮರುದಿನ ಮಲದಲ್ಲಿ ಬಿಳಿ ಚೂರುಗಳೂ ಕೆಂಪು ಪೊರೆಯ ತುಣುಕುಗಳೂ ಕಾಣುವುದುಂಟು. ಬಿಳಿಯವನ್ನು ಜಂತುಹುಳು ಎಂದೂ ಕೆಂಪನ್ನು ರಕ್ತ ಎಂದೂ ತಪ್ಪು ತಿಳಿಯುವವರಿದ್ದಾರೆ. ಕಾಳಿನ ಎಣ್ಣೆ ತುಂಬಿಕೊಂಡಿರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳಲ್ಲಿ. ಅವುಗಳ ಸುತ್ತ ನಾರಿನ ಗೋಡೆ ಇದೆ. ಗೋಡೆಯನ್ನು ಒಡೆಯಬೇಕಾದದ್ದು ಹಲ್ಲು. ಹಲ್ಲು ಬಿಟ್ಟದ್ದನ್ನು ಮನುಷ್ಯನ ಕಿಣ್ವಗಳು ಒಡೆಯಲಾರವು.

1980ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ಲೆಕ್ಕಹಾಕಿತು. ಆರೋಗ್ಯವಂತರಿಗೆ ಶೇಂಗಾವನ್ನು ಇಡೀ ಕಾಳಾಗಿ ಕೊಟ್ಟಾಗ ಊಟದ ಕೊಬ್ಬಿನಲ್ಲಿ ಶೇಕಡಾ 18ರಷ್ಟು ಮಲದಲ್ಲಿ ಹೊರಟುಹೋಯಿತು. ಅರೆದ ಶೇಂಗಾ ಬೆಣ್ಣೆಯಾಗಿ ಕೊಟ್ಟಾಗ ಶೇಕಡಾ 7, ಎಣ್ಣೆಯಾಗಿ ಕೊಟ್ಟಾಗ ಶೇಕಡಾ 4.5 ಮಾತ್ರ. ಇಡೀ ಕಾಳು, ಚಟ್ನಿಪುಡಿ, ಗಾಣದ ಎಣ್ಣೆ ಒಂದೇ ಬೆಳೆಯ ಮೂರು ರೂಪಗಳಾದರೂ ಕರುಳಿಗೆ ಅವು ಮೂರು ಬೇರೆ ಊಟಗಳು. ತೂಕ ಇಳಿಸಬೇಕಾದವರಿಗೆ ಇಡೀ ಕಾಳು ಅನುಕೂಲ. ಹಲ್ಲು ಬಿದ್ದ ಹಿರಿಯರಿಗೆ, ಬೆಳೆಯುವ ಮಕ್ಕಳಿಗೆ ಅರೆದ ಚಟ್ನಿ, ಶೇಂಗಾ ಹೋಳಿಗೆಯಿಂದ ಹೆಚ್ಚು ಪೋಷಣೆ ಸಿಗುತ್ತದೆ.

ಶೇಂಗಾದಲ್ಲಿ ನಿಜವಾಗಿ ಹೆದರಬೇಕಾದದ್ದು ಬೂಷ್ಟಿಗೆ. ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಅಥವಾ ಒಣಗದ ಕಾಯಿಯನ್ನು ಚೀಲಕ್ಕೆ ತುಂಬಿದರೆ ಆಸ್ಪರ್ಜಿಲಸ್ ಶಿಲೀಂಧ್ರ ಬೆಳೆದು ಅಫ್ಲಟಾಕ್ಸಿನ್ ಎಂಬ ವಿಷ ಸೇರಿಕೊಳ್ಳುತ್ತದೆ. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಯಕೃತ್ತಿನ ಕ್ಯಾನ್ಸರ್‌ಗೆ ಕಾರಣವಾಗುತ್ತದೆ. ಮುರುಟಿದ, ಬಣ್ಣಗೆಟ್ಟ, ಕಹಿಯಾದ ಕಾಳನ್ನು ಆರಿಸಿ ಬಿಸಾಡುವುದೇ ಸರಿ.

ಊಟ ಕಾರಣವಲ್ಲದ ಬಣ್ಣಗಳು

ಡಾಂಬರಿನಂತೆ ಹೊಳೆಯುವ, ಅಂಟುವ, ವಿಪರೀತ ನಾತದ ಕಪ್ಪು ಮಲ ಹೊಟ್ಟೆ ಅಥವಾ ಸಣ್ಣ ಕರುಳಿನ ಮೇಲ್ಭಾಗದ ರಕ್ತಸ್ರಾವದ ಗುರುತು. 50ರಿಂದ 100 ಮಿಲಿಲೀಟರ್ ರಕ್ತ ಸುರಿದರೆ ಸಾಕು, ಮಲ ಹೀಗಾಗುತ್ತದೆ. ಕಬ್ಬಿಣದ ಮಾತ್ರೆಯ ಕಪ್ಪು ಅಷ್ಟು ಅಂಟುವುದಿಲ್ಲ, ಅದರಲ್ಲಿ ಹಸಿರು ಛಾಯೆ ಇರುತ್ತದೆ. ಹೊಟ್ಟೆ ಹುಣ್ಣಿಗೆ ಎರಡು ಮುಖ್ಯ ಕಾರಣಗಳು. ಒಂದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಇದನ್ನು ಗುರುತಿಸಿದ ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಇನ್ನೊಂದು ನೋವಿನ ಮಾತ್ರೆಗಳ ಅತಿ ಬಳಕೆ.

ನೋವಿನ ಮಾತ್ರೆಗೆ ಈ ಸೀಮೆಯಲ್ಲಿ ನೀರಿನ ಸಂಬಂಧವೂ ಇದೆ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಹೆಚ್ಚಿನ ಫ್ಲೋರೈಡ್ ಹಲ್ಲಿಗೆ ಕಲೆ, ಕೀಲುಗಳಿಗೆ ಬಿಗಿತ ನೋವು ತರುತ್ತದೆ. ವಾಕರಿಕೆ, ಹೊಟ್ಟೆನೋವು, ಅಜೀರ್ಣವೂ ಅದರ ಲಕ್ಷಣಗಳೇ. ಮಂಡಿನೋವು, ಸೊಂಟನೋವಿಗೆ ಅಂಗಡಿಯ ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ತಿಂಗಳುಗಟ್ಟಲೆ ನುಂಗಿದರೆ ಹುಣ್ಣಾಗಿ ರಕ್ತ ಸುರಿಯುವ ಅಪಾಯ ಹೆಚ್ಚುತ್ತದೆ. ಅಂಥವರ ಮಲ ಕಪ್ಪಾದರೆ ರಾಗಿ ಮುದ್ದೆಯ ಮೇಲೆ ಹಾಕಿ ಸುಮ್ಮನಿರುವಂತಿಲ್ಲ.

ತಾಜಾ ಕೆಂಪು ರಕ್ತ ಬರುವುದು ಸಾಮಾನ್ಯವಾಗಿ ಕರುಳಿನ ಕೊನೆಯ ಭಾಗದಿಂದ. ಗಟ್ಟಿ ಮಲದಿಂದ ಗುದದ್ವಾರ ಸೀಳಿದರೆ ನೋವಿನೊಂದಿಗೆ ರಕ್ತ ಬರುತ್ತದೆ. ಮೂಲವ್ಯಾಧಿಯಲ್ಲಿ ಬಹುತೇಕ ನೋವಿಲ್ಲದೆ ತೊಟ್ಟಿಕ್ಕುತ್ತದೆ. ಜ್ವರ, ಹೊಟ್ಟೆ ನುಲಿತ, ಆಮದ ಜೊತೆ ರಕ್ತ ಬಂದರೆ ಆಮಶಂಕೆ. ನಲವತ್ತೈದು ಐವತ್ತು ದಾಟಿದವರಲ್ಲಿ ಮಲದ ರೂಢಿ ಬದಲಾಗಿ, ತೂಕ ಇಳಿದು, ರಕ್ತ ಕಂಡರೆ ದೊಡ್ಡ ಕರುಳಿನ ಕ್ಯಾನ್ಸರ್ ಇಲ್ಲವೆಂದು ಪರೀಕ್ಷೆ ಮಾಡಿಸಿ ಖಾತ್ರಿಪಡಿಸಿಕೊಳ್ಳಬೇಕು.

ಬೂದಿ ಅಥವಾ ಜೇಡಿಮಣ್ಣಿನ ಬಣ್ಣದ ಮಲ ಎಂದರೆ ಪಿತ್ತರಸ ಕರುಳಿಗೆ ಬರುತ್ತಿಲ್ಲ ಎಂದರ್ಥ. ಪಿತ್ತದ ಕಲ್ಲು, ಗಡ್ಡೆ ಅಥವಾ ಯಕೃತ್ತಿನ ರೋಗ ಕಾರಣವಿರಬಹುದು. ಕರುಳಿಗೆ ಹೋಗಬೇಕಾದ ಬಿಲಿರುಬಿನ್ ರಕ್ತಕ್ಕೆ ತಿರುಗುವುದರಿಂದ ಮಲ ಬೆಳ್ಳಗಾದಂತೆ ಮೂತ್ರ ಕಡುಗಂದಾಗುತ್ತದೆ, ಕಣ್ಣು ಹಳದಿಯಾಗುತ್ತದೆ. ಕಾಮಾಲೆ ಎಂದು ನಾಟಿ ಮದ್ದು ಹುಡುಕುವ ಮೊದಲು ಈ ಲಕ್ಷಣಗಳನ್ನು ವೈದ್ಯರಿಗೆ ತಿಳಿಸಬೇಕು. ಮಲ ಎಣ್ಣೆಯಂತೆ ಜಿಡ್ಡಾಗಿ, ಪೇಲವವಾಗಿ, ತೀರಾ ನಾರುತ್ತಾ ದಿನಗಟ್ಟಲೆ ಮುಂದುವರಿದರೆ ಕೊಬ್ಬು ಜೀರ್ಣವಾಗುತ್ತಿಲ್ಲವೆಂದು ತಿಳಿಯಬೇಕು. ಮೇದೋಜೀರಕ ಗ್ರಂಥಿಯ ತೊಂದರೆ ಅದರ ಒಂದು ಕಾರಣ.

ಕೂಸಿನಲ್ಲಿ ಬಿಳಿಚಿದ ಮಲ ಇನ್ನೂ ತುರ್ತಿನದು. ಹುಟ್ಟಿನಿಂದಲೇ ಪಿತ್ತನಾಳ ಮುಚ್ಚಿಕೊಂಡಿರುವ ಅಪರೂಪದ ಕಾಯಿಲೆಯಲ್ಲಿ ಮಲ ಬೆಳ್ಳಗಿರುತ್ತದೆ. ಜಪಾನಿನ ಮೊರಿಯೊ ಕಸಾಯ್ 1950ರ ದಶಕದಲ್ಲಿ ರೂಪಿಸಿದ ಶಸ್ತ್ರಚಿಕಿತ್ಸೆ ಅರವತ್ತು ದಿನದೊಳಗೆ ನಡೆದರೆ ಫಲ ಹೆಚ್ಚು. ತೈವಾನಿನಲ್ಲಿ 2004ರಿಂದ ಪ್ರತಿ ತಾಯಿಗೂ ಮಲದ ಬಣ್ಣಗಳ ಚಿತ್ರಕಾರ್ಡು ಕೊಡುತ್ತಾರೆ. ಅದರಿಂದ ರೋಗ ಬೇಗ ಪತ್ತೆಯಾಗುತ್ತಿದೆ.

ಅಕ್ಕಿ ತೊಳೆದ ನೀರಿನಂಥ ಭೇದಿ ಕಾಲರಾದ ಗುರುತು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗ ನಗರದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಅನೇಕರು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಸಾವುಗಳೂ ಸಂಭವಿಸಿದವು. ಇಂಥ ಭೇದಿಯಲ್ಲಿ ಜೀವ ತೆಗೆಯುವುದು ನೀರಿನ ನಷ್ಟ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಕಲಸಿ ಗುಟುಕುಗುಟುಕಾಗಿ ಕುಡಿಸಬೇಕು. ಆರು ತಿಂಗಳು ದಾಟಿದ ಮಕ್ಕಳಿಗೆ ಇದರ ಜೊತೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್ ಅನ್ನು 14 ದಿನ ಕೊಡುತ್ತಾರೆ. ಎದೆಹಾಲು ನಿಲ್ಲಿಸುವಂತಿಲ್ಲ.

ಗುರುತಿಸುವ ಕ್ರಮ

ಬಣ್ಣ ಬದಲಾದಾಗ ಮೊದಲು ಕೇಳಿಕೊಳ್ಳಬೇಕಾದದ್ದು ಹಿಂದಿನ ಮೂರು ದಿನ ಏನು ತಿಂದದ್ದು, ಯಾವ ಮಾತ್ರೆ ನುಂಗಿದ್ದು ಎಂದು. ಕಾರಣ ಸಿಕ್ಕರೆ ಅದನ್ನು ಬಿಟ್ಟು ಎರಡು ಮೂರು ದಿನ ಕಾದು ನೋಡಬಹುದು. ಊಟದ ಬಣ್ಣ ಊಟದ ಜೊತೆಗೇ ಹೋಗುತ್ತದೆ. ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಮಾತ್ರ ಅವರನ್ನು ಕೇಳದೆ ನಿಲ್ಲಿಸಬಾರದು. ಡಾಂಬರು ಕಪ್ಪು, ಹರಿಯುವ ಕೆಂಪು, ಬೂದುಬಿಳುಪು ಈ ಮೂರರಲ್ಲಿ ಯಾವುದು ಕಂಡರೂ ಕಾಯಬಾರದು. ತಲೆಸುತ್ತು, ಎದೆಬಡಿತ, ಜ್ವರ, ನಿಲ್ಲದ ಹೊಟ್ಟೆನೋವು, ರಕ್ತವಾಂತಿ ಜೊತೆಗಿದ್ದರೆ ಆ ಹೊತ್ತಿಗೇ ಆಸ್ಪತ್ರೆಗೆ ಹೋಗಬೇಕು.

ವೈದ್ಯರ ಮುಂದೆ ಬಣ್ಣ ಎಂದಿನಿಂದ ಬದಲಾಯಿತು, ಮಲ ಅಂಟುತ್ತದೆಯೇ, ನಾತ ಹೇಗಿದೆ, ಮೂತ್ರದ ಬಣ್ಣವೇನು, ತೂಕ ಇಳಿದಿದೆಯೇ, ನೋವಿನ ಮಾತ್ರೆಯ ರೂಢಿ ಇದೆಯೇ ಎಂಬುದನ್ನು ಸಂಕೋಚವಿಲ್ಲದೆ ಹೇಳಿದರೆ ಅರ್ಧ ಕೆಲಸ ಮುಗಿದಂತೆ. ಮಲ ಪರೀಕ್ಷೆ, ಹೀಮೋಗ್ಲೋಬಿನ್, ಯಕೃತ್ತಿನ ರಕ್ತಪರೀಕ್ಷೆಗಳಿಂದ ಉಳಿದದ್ದು ತಿಳಿಯುತ್ತದೆ. ಅಗತ್ಯ ಬಿದ್ದರೆ ಸ್ಕ್ಯಾನಿಂಗ್ ಅಥವಾ ಎಂಡೋಸ್ಕೋಪಿಗೆ ಜಿಲ್ಲಾಸ್ಪತ್ರೆಗೆ ಕಳಿಸುತ್ತಾರೆ. ಏನೂ ತೊಂದರೆ ಇಲ್ಲದವರಿಗೆ ಕರುಳನ್ನು ಕಾಪಾಡಿಕೊಳ್ಳುವ ದಾರಿ ಕಷ್ಟದ್ದಲ್ಲ: ದಿನಕ್ಕೊಂದು ಹೊತ್ತಾದರೂ ಮುದ್ದೆ ಅಥವಾ ರೊಟ್ಟಿ, ಸೊಪ್ಪು, ನೆನೆಸಿದ ಕಾಳು, ಮಜ್ಜಿಗೆ, ಫ್ಲೋರೈಡ್ ಕಡಿಮೆ ಇರುವ ಶುದ್ಧ ನೀರು. ನಾರು ಹೆಚ್ಚಿಸಿದಷ್ಟೂ ನೀರನ್ನೂ ಹೆಚ್ಚಿಸಬೇಕು. ಬಿಸಿಲಲ್ಲಿ ದುಡಿಯುವವರು ನೀರು ಕಡಿಮೆ ಮಾಡಿದರೆ ಅದೇ ನಾರು ಮಲವನ್ನು ಗಟ್ಟಿ ಮಾಡುತ್ತದೆ.